ಸಾಂಬ್ರಾಣಿ ಹೊಗೆ ಮತ್ತು ತೆರೆದ ಕಿಟಕಿ

ಗಾಜಿನ ಕೊಳವೆಯೊಳಗೆ ಇಲಿ, ಮೂಗಿನ ತುದಿಯಷ್ಟೇ ಹೊರಗೆ. ಹಾಗೆ ಸಾಲಾಗಿ ಕೂತ ಇಲಿಗಳು ಕಣ್ಣಿಗೆ ಕಾಣದ ಧೂಳನ್ನು ಉಸಿರಾಡುತ್ತಿದ್ದವು. ಜರ್ಮನಿಯ ಲ್ಯಾಬಿನಲ್ಲಿ ಮೊದಲ ದಿನ ನಾನು ಕಂಡದ್ದು ಇದು. ಗುಬ್ಬಿಯ ನಮ್ಮ ಮನೆಯಲ್ಲಿ ಇಲಿ ಕಂಡರೆ ಪೊರಕೆ ಹುಡುಕುತ್ತಿದ್ದೆವು. ಅಯ್ಯೋ ದೇವರೇ, ಎಲ್ಲಿಗೆ ಬಂದೆನಪ್ಪಾ ಅನ್ನಿಸಿತು.

ತುಮಕೂರಿನಲ್ಲಿ ಓದಿ, ಕುಣಿಗಲ್ಲಿನವರನ್ನು ಮದುವೆಯಾಗಿ, ಗಂಡನ ಕಾರ್ಖಾನೆ ಕೆಲಸದ ಹಿಂದೆ ಇಲ್ಲಿಗೆ ಬಂದು ಕೆಲಸ ಹಿಡಿದವಳು ನಾನು. ಲ್ಯಾಬಿನ ಆ ಧೂಳಿಗೆ ನ್ಯಾನೋ ಕಣ ಎನ್ನುತ್ತಾರೆ. ಅದು ಉಸಿರಿನೊಂದಿಗೆ ಒಳಗಿಳಿದರೆ ಶ್ವಾಸಕೋಶಕ್ಕೆ ಏನಾಗುತ್ತದೆ ಎಂಬುದೇ ಪರೀಕ್ಷೆ. ಕೊನೆಗೆ ಇಲಿಯ ಶ್ವಾಸಕೋಶವನ್ನು ಉಪ್ಪುನೀರಿನಲ್ಲಿ ತೊಳೆದು, ಆ ನೀರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಪಾಲಿನ ಕೆಲಸ. ಧೂಳು ನುಂಗಿ ಕಪ್ಪಾದ ಜೀವಕೋಶಗಳನ್ನು ಮೊದಲ ಸಲ ಕಂಡಾಗ ನಮ್ಮ ಬಚ್ಚಲ ಹಂಡೆಯ ತಳದ ಮಸಿ ನೆನಪಾಯಿತು.

ಈ ಊರಿನವರಿಗೆ ‘ಲ್ಯುಫ್ಟನ್’ ಎಂಬ ಹುಚ್ಚು. ಹಾಗೆಂದರೆ ಹಿಮ ಬೀಳುತ್ತಿದ್ದರೂ ಬೆಳಿಗ್ಗೆ ಸಂಜೆ ಕಿಟಕಿಗಳನ್ನು ಹಾರುಹೊಡೆದು ಮನೆಗೆ ಗಾಳಿಯಾಡಿಸುವುದು. ನಾವು ಮರೆತರೆ ಕೆಳಮನೆಯ ಅಜ್ಜಿ ಬಂದು ಬಾಗಿಲು ತಟ್ಟುತ್ತಿದ್ದಳು. ಗುಬ್ಬಿಯಲ್ಲೋ, ಬಾಣಂತಿ ಕೋಣೆಯ ಕಿಟಕಿ ಸಂದಿಗೂ ಬಟ್ಟೆ ತುರುಕುತ್ತಾರೆ.

ಮಗಳು ಹುಟ್ಟಿದಾಗ ಬಾಣಂತನಕ್ಕೆ ಅವ್ವ ಬಂದಳು. ನಮ್ಮ ಬೀದಿಯ ಹಸುಗೂಸುಗಳಿಗೆಲ್ಲ ನೀರು ಹಾಕಿದವಳು ಅವಳು. ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಕಡೆಗೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಆ ಹೊಗೆಯಲ್ಲಿ ಕೂಸನ್ನು ಹಿಡಿದರೇ ಅವಳಿಗೆ ಸಮಾಧಾನ. ಬೀದಿಯಲ್ಲಿ ಅವಳಿಗಿದ್ದ ಗೌರವವೂ ಅದರದ್ದೇ. ಸಾಂಬ್ರಾಣಿಯನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಇಲ್ಲಿ ಮಾಂಸ ಸುಡಲು ಮಾರುವ ಇದ್ದಿಲನ್ನು ಅಳಿಯನಿಂದ ತರಿಸಿದಳು. ಅಡುಗೆಮನೆಯಲ್ಲಿ ಹೊಗೆ ಎದ್ದದ್ದೇ ತಡ, ಸೀಲಿಂಗಿನ ಅಲಾರಂ ಕಿರುಚಿಕೊಂಡಿತು. ನಾನು ಓಡಿಹೋಗಿ ಮಗುವನ್ನು ಕಿತ್ತುಕೊಂಡೆ.

“ಬೇಡ ಕಣವ್ವ. ಈ ಹೊಗೇಲೂ ನಮ್ ಲ್ಯಾಬಿನ್ ಧೂಳಿನಂಥ ಸಣ್ಣ ಕಣ ಇರ್ತವೆ.”

“ನಿನ್ಗೂ ಹಾಕಿದ್ನಲ್ಲೇ! ಏನಾಗೋಯ್ತು? ವಿಮಾನ ಹತ್ಕೊಂಡು ಇಲ್ಲೀಗಂಟ ಬರ್ಲಿಲ್ವಾ? ಇಲಿಗೆ ಧೂಳು ಕುಡ್ಸೋಳು ನನ್ಗೆ ಬುದ್ಧಿ ಹೇಳಕ್ಕೆ ಬಂದವ್ಳೆ.”

ಆಮೇಲೆ ಒಂದು ಮಧ್ಯಾಹ್ನ ಮಗುವಿಗೆ ಎಣ್ಣೆ ತಿಕ್ಕುತ್ತಾ, ತಲೆಯೆತ್ತದೆಯೇ ಕೇಳಿದಳು: “ನೀನ್ ಹೇಳೋದು ದಿಟ ಆದ್ರೆ, ನಾನ್ ಹೊಗೆ ಹಾಕಿದ್ ಕೂಸುಗಳ ಗತಿ?”

ನಮ್ಮ ಲ್ಯಾಬಿನಲ್ಲಿ ಯಾರೂ ಸಾಂಬ್ರಾಣಿಯನ್ನು ಪರೀಕ್ಷಿಸಿರಲಿಲ್ಲ.

“ಗೊತ್ತಿಲ್ಲ ಕಣವ್ವ. ಗೊತ್ತಿಲ್ದೇ ಇರೋದಕ್ಕೇ ಬೇಡ ಅಂದಿದ್ದು.”

ಮರುದಿನ ಅವ್ವ ನನ್ನ ಗಂಡನ ಕೋಟು ತೊಟ್ಟು ಬಾಲ್ಕನಿಯಲ್ಲಿ ಕೂತಿದ್ದಳು. ಮಗುವಿನ ಬಟ್ಟೆಗೆ ಹೊಗೆ ಹಿಡಿದು, ಆಮೇಲೆ ಆ ಚಳಿಗಾಳಿಯಲ್ಲಿ ಒದರಿ ಹರವಿದಳು. “ತಗೋ, ನಿಮ್ಮೂರ್ ಗಾಳೀಲಿ ಆರಾಕಿದೀನಿ. ಈಗ ಸುತ್ತು” ಅಂದಳು. ಬಟ್ಟೆಯಲ್ಲಿ ಗುಬ್ಬಿಯ ವಾಸನೆ ತುಸುವೇ ಉಳಿದಿತ್ತು.

ಊರಿಗೆ ಹೋದ ಮೇಲೆ ಅವಳ ಫೋನ್ ಬಂತು. ಪಕ್ಕದ ಮನೆಯ ಕೂಸಿಗೂ ಹೊಗೆ ಹಾಕಲಿಲ್ಲವಂತೆ. “ಬಟ್ಟೆಗಷ್ಟೇ ಹಿಡಿದು ಕಿಟಕಿ ತೆಗ್ದೆ ಕಣೇ. ಆ ಬಾಣಂತಿ ಅತ್ತೆ, ‘ಇವ್ಳು ಜರ್ಮನಿಗೆ ಹೋಗ್ಬಂದು ಕೆಟ್ಟೋದ್ಲು’ ಅಂದ್ರು. ಹಿಂದಿನ್ ಬೀದೀಲೂ ಒಂದ್ ಕೂಸು ಹುಟ್ಟೈತೆ. ನೀರ್ ಹಾಕಕ್ಕೆ ಬೇರೆಯವ್ರನ್ನ ಕರ್ಸವ್ರೆ. ಹೋಗ್ಲಿ ಬುಡು.”

ನನ್ನ ಒಂದು ಮಾತಿಗೆ ಅವ್ವ ತನ್ನ ಬೀದಿಯಲ್ಲೇ ಹೊರಗಿನವಳಾಗಿದ್ದಳು.

ಸಂಜೆ ಮಗಳನ್ನು ಅವಳಪ್ಪ ಸುತ್ತಾಡಿಸಲು ಕರೆದೊಯ್ದರು. ಅವ್ವ ಬಿಟ್ಟುಹೋಗಿದ್ದ ಸಾಂಬ್ರಾಣಿಯನ್ನು ಬಾಲ್ಕನಿಯಲ್ಲಿ ಒಂದು ಕೆಂಡಕ್ಕೆ ಉದುರಿಸಿದೆ. ಗಾಳಿ ಹೊಗೆಯನ್ನು ಆಚೆಗೆ ಎಳೆದೊಯ್ಯುತ್ತಿತ್ತು. ಅಂಥದ್ದು ಒಳಗಿಳಿದು ಏನು ಮಾಡೀತೆಂದು ದಿನವೂ ನೋಡುವವಳು ನಾನು. ಹಾಗಿದ್ದೂ ಬಗ್ಗಿ, ಎದೆ ತುಂಬ ಎಳೆದುಕೊಂಡೆ.