ಮಳೆಯಿಲ್ಲದ ದಿನದ ಕೊಡೆ

ಹುಲಿಗೆಮ್ಮ, ಮನೆಗೆ ನೆಂಟರು ಬಂದಾಗಲೆಲ್ಲ ನಿನ್ನನ್ನು ಬಿಸಿಲಿಗೆ ಅಟ್ಟಿದವನು ನಾನು, ನಿನ್ನ ಅಣ್ಣ. ತಂಗಿ ಕ್ಯಾನ್ಸರಿನಿಂದ ಸತ್ತಳು ಎಂದು ಎಲ್ಲರಿಗೂ ಹೇಳುತ್ತೇನೆ. ಇದನ್ನು ಮಾತ್ರ — ಯಾರಿಗೂ ಹೇಳಿಲ್ಲ.

ಹುಟ್ಟುತ್ತಲೇ ನಿನ್ನ ಕೂದಲು, ರೆಪ್ಪೆ, ಮೈ ಎಲ್ಲ ಬೆಳ್ಳಗಿದ್ದವು. ಬಿಸಿಲಿನಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ, ಬಸ್ಸಿನ ಬೋರ್ಡು ಕಾಣುತ್ತಿರಲಿಲ್ಲ. ಇಂಥ ಚರ್ಮ ಬಿಸಿಲು ತಡೆಯುವುದಿಲ್ಲ, ತುಂಬುತೋಳಿನ ಅಂಗಿ ಹಾಕಿಸಿ, ಕೊಡೆ ಇಲ್ಲದೆ ಹೊರಗೆ ಕಳಿಸಬೇಡಿ ಎಂದು ಮಾನ್ವಿಯ ಡಾಕ್ಟರು ಅವ್ವನಿಗೆ ಹೇಳಿದ್ದರು. ಅವ್ವ ಇರುವತನಕ ಕೊಡೆ ನಿನ್ನ ಕೈಯಲ್ಲಿತ್ತು. ಅವಳು ಹೋದ ಮೇಲೆ ನಾನು ಕಸಿದುಕೊಂಡೆ.

"ಮಳಿ ಇಲ್ಲ ಏನಿಲ್ಲ, ಕೊಡಿ ಹಿಡದು ದೊರಿಸಾನಿ ಆಗೀದಿ ಏನ್ಬೇ? ಜನ ಹೊಳ್ಳಿ ಹೊಳ್ಳಿ ನೋಡ್ತಾರ."

ನೀನು ನಕ್ಕೆ. "ನೋಡ್ಲಿ ಬಿಡಣ್ಣ, ನನಗೇನ್ ಅವರು ಕಾಣ್ತಾರ?"

ನಿನ್ನ ಕಿವಿಯ ಅಂಚಿನಲ್ಲಿ ಒಂದು ಗಂಟು ಎದ್ದಿತು. ಹಕ್ಕಳೆ ಕಟ್ಟುವುದು, ಉದುರುವುದು, ರಕ್ತ ಬರುವುದು, ಮತ್ತೆ ಹಕ್ಕಳೆ. ಒಣಗದ ಹುಣ್ಣು ಒಳ್ಳೆಯದಲ್ಲ, ಬೇಗ ರಾಯಚೂರಿಗೆ ತೋರಿಸಿ ಎಂದು ಆಶಾ ಕಾರ್ಯಕರ್ತೆ ಹೇಳಿದಳು. ನಾನೇ ಕರೆದೊಯ್ಯಬೇಕಿತ್ತು. ಸೋಮವಾರ ಹೊರಡುವುದೆಂದಾಯಿತು. ಅದೇ ದಿನ ನನ್ನ ಮಗಳನ್ನು ನೋಡಲು ದೇವದುರ್ಗದಿಂದ ಬರುತ್ತೇವೆಂದು ಫೋನು ಬಂತು.

ನೀನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಯಣ್ಣಾ, ಬಸ್ಸಿನ ಹೊತ್ತಾತು."

"ದೇವದುರ್ಗದವರು ಬರಾಕತ್ತಾರ. ನಿನ್ನ ನೋಡಿದ್ರ ತೊನ್ನು ಅನ್ಕೊಂತಾರ. ಹೊಲಕ್ಕ ಹೋಗು, ಸಂಜಿತನ ಬರಬ್ಯಾಡ."

"ದವಾಖಾನಿ?"

"ಮುಂದಿನ ವಾರ ಹೋದ್ರಾತು."

ಆ ವಾರ — ಮಗಳ ಮದುವೆ ಮುಗಿಯುವವರೆಗೂ ಬರಲಿಲ್ಲ. ನಾನು ಬರಗೊಡಲಿಲ್ಲ. ಸೆರಗನ್ನು ಕಿವಿಯ ಮೇಲೆ ಎಳೆದುಕೋ ಎಂದವನೂ ನಾನೇ. ಸೆರಗಿನ ಕೆಳಗೆ ಅದು ಬೆಳೆಯುತ್ತಿತ್ತು. ವಾಸನೆ ಬರುತ್ತಿತ್ತು — ನನಗೂ ಬರುತ್ತಿತ್ತು.

ಕೊನೆಗೆ ರಾಯಚೂರಿನ ಡಾಕ್ಟರು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಿಸಿಲಿನಿಂದಾಗುವ ಚರ್ಮದ ಕ್ಯಾನ್ಸರು, ಕುತ್ತಿಗೆಗೂ ಹಬ್ಬಿದೆ ಎಂದರು. "ಸಣ್ಣದಿದ್ದಾಗ ಬಂದಿದ್ರ ಅಷ್ಟ ಕೊಯ್ದು ಮನಿಗಿ ಕಳಸ್ತಿದ್ವಿ. ಯಾಕ ತಡ ಮಾಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ, "ನಾನ ಬರ್ಲಿಲ್ರಿ. ಅಂಜಿದ್ನಿರಿ."

ಡಾಕ್ಟರು ನಿನ್ನನ್ನೇ ಬೈದರು. ನೀನು ತಲೆ ತಗ್ಗಿಸಿ ಬೈಸಿಕೊಂಡೆ. ಆಗಲೂ — ಆಗಲೂ ನಾನು ಸುಮ್ಮನಿದ್ದೆ.

ನೀನು ಹೋದ ದಿನ ದೇವದುರ್ಗದಿಂದ ಬೀಗಿತ್ತಿ ಬಂದಳು. ನಿನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. "ನಿಮಗ ತಂಗಿ ಇದ್ಲು ಅನ್ನೂದ ನಮಗ ಗೊತ್ತಿರ್ಲಿಲ್ಲಲ್ರಿ" ಎಂದಳು. ಬೇರೇನೂ ಅನ್ನಲಿಲ್ಲ. ಅವಳು ಆ ಸೋಮವಾರ ನಿನ್ನನ್ನು ನೋಡಿದ್ದರೆ ಏನನ್ನುತ್ತಿದ್ದಳೋ — ಕೇಳುವ ಧೈರ್ಯ ನನಗಾಗಲಿಲ್ಲ.

ನಿನ್ನನ್ನು ಹೊತ್ತು ಹೊರಟಾಗ ನಡುಮಧ್ಯಾಹ್ನ. ಬಿಸಿಲು ನೆಟ್ಟಗೆ ನಿನ್ನ ಮುಖದ ಮೇಲಿತ್ತು. ನಾನು ಒಳಗೆ ಓಡಿ, ಅಟ್ಟದ ಮೇಲಿದ್ದ ಕೊಡೆ ತಂದು ಬಿಚ್ಚಿ ಹಿಡಿದೆ. ಓಣಿಯುದ್ದಕ್ಕೂ ಜನ ಹೊರಳಿ ಹೊರಳಿ ನೋಡಿದರು.

ಮಡಚಲಿಲ್ಲ, ಹುಲಿಗೆಮ್ಮ. ಆದರೆ ನಿನಗೆ ನೆರಳು ಬೇಕಿದ್ದ ದಿನ ಅದಾಗಿರಲಿಲ್ಲ.