ಅವ್ವ ತುಂಬಿದ ಉಡಿ

ಸಿಂದಗಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬರೀ ಕುಬಸ ಹೊಲಿಯುತ್ತೇನೆ. ಹುಟ್ಟಿದಾಗ ನನ್ನನ್ನು ಗಂಡು ಎಂದರು, ನಾನು ಹೆಣ್ಣು. ಇದು ಗಿರಾಕಿಗಳಿಗೆಲ್ಲ ಗೊತ್ತು, ಆದರೂ ಅಳತೆ ಕೊಡುವಾಗ ಯಾರೂ ನನ್ನೆದುರು ನಾಚಿಕೊಂಡಿಲ್ಲ. ತೋಳು ಬಿಗಿಯಾಯಿತೆಂದು ಜಗಳಕ್ಕೆ ಬರುತ್ತಾರೆ, ಅದು ಬೇರೆ ಮಾತು.

ಹೊಲಿಯಲು ನನ್ನ ಹತ್ತಿರ ಬರುವ ಖಣದ ಬಟ್ಟೆಗಳಲ್ಲಿ ಹೆಚ್ಚಿನವು ತವರಿನವು. ಮಗಳು ಹೊರಡುವಾಗ ತಾಯಿ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಮೇಲೊಂದು ಕುಬಸದ ಖಣ ಇಟ್ಟು ಉಡಿ ತುಂಬುತ್ತಾಳೆ. ನಮ್ಮ ಮನೆಯಲ್ಲಿ ಮಗಳು ಅದರಲ್ಲೇ ನಾಲ್ಕು ಕಾಳು ತೆಗೆದು ತಾಯಿಯ ಸೆರಗಿಗೆ ಹಾಕಿಯೇ ಹೊಸ್ತಿಲು ದಾಟಬೇಕು. ತವರು ಬರಿದಾಗಬಾರದಲ್ಲ. ಅಕ್ಕ ಹಾಗೆ ಹೋಗುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ನಾನು ಅಂಗಿ ಚೊಣ್ಣದಲ್ಲಿದ್ದೆ, ಒಡ್ಡಲು ಸೆರಗಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು.

ಸೀರೆ ಉಟ್ಟ ವರ್ಷವೇ ಇಂಡಿ ಹತ್ತಿರದ ನಮ್ಮೂರು ಬಿಡಬೇಕಾಯಿತು. ಅಪ್ಪ ಇರುವವರೆಗೆ ಅವ್ವ ನನ್ನ ಕಡೆ ಬರಲಿಲ್ಲ. ಕದ್ದು ಫೋನು ಮಾಡಿ ಊಟ ಆಯಿತಾ ಎಂದು ಕೇಳುತ್ತಿದ್ದಳು, ಅಷ್ಟೆ.

ನಮ್ಮ ಕಡೆಯ ಜನಕ್ಕೆ ನನ್ನಂಥವರು ಗೊತ್ತಿಲ್ಲವೆಂದಲ್ಲ. ಗೊತ್ತು, ಒಂದೇ ಬಗೆಯಲ್ಲಿ. ಗಂಡು ಸೀರೆ ಉಟ್ಟಿತೆಂದರೆ ಎಲ್ಲಮ್ಮ ಮೈಮೇಲೆ ಬಂದಿದ್ದಾಳೆ, ಕೊರಳಿಗೆ ಅವಳ ಮುತ್ತು ಕಟ್ಟಿಸಿಕೊಂಡು, ಜೋಗತಿಯಾಗಿ ದೇವಿಯ ಕೊಡ ಹೊರಬೇಕು. ದೇವಿಯ ವಾರವೆಂದು ಮಂಗಳವಾರ ಬಂತೆಂದರೆ ಅಂಗಡಿಗೇ ಬಂದು ಕಾಲಿಗೆ ಬೀಳುವವರಿದ್ದಾರೆ. ನಾನು ದೇವಿಯಲ್ಲವೆಂದರೆ ಇನ್ನೂ ಭಕ್ತಿಯಿಂದ ಬೀಳುತ್ತಾರೆ. ಮುದ್ದೇಬಿಹಾಳದ ನನ್ನ ಗೆಳತಿ ನಿಜವಾಗಿಯೂ ಜೋಗತಿ, ಅವಳಿಗೆ ದೇವಿಯೇ ಎಲ್ಲ. ಬಸವನ ಬಾಗೇವಾಡಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ, ಹೆಣ್ಣೆಂದು ಬೆಳೆಸಿದರೂ ಅವನು ಗಂಡು. ಅವನನ್ನು ಏನೆಂದು ಕರೆಯಬೇಕೆಂದೇ ಜನಕ್ಕೆ ತಿಳಿಯದು.

"ನಂಗ ದೇವಿ ಕರದಾಳ, ನಿಂಗ ನಿನ್ನ ಮನಸ ಕರದೈತಿ. ಎರಡೂ ಒಂದ ಅಲ್ಲ," ಎನ್ನುತ್ತಾಳೆ ಜೋಗತಿ. ಅವಳಿಗೆ ತಿಳಿದದ್ದು ಅವ್ವನಿಗೂ ಒಂದು ದಿನ ತಿಳಿದೀತೆಂದು ಕಾದೆ.

ಹೋದ ಶ್ರಾವಣದಲ್ಲಿ ಅವ್ವ ಬಂದಳು. ಅಪ್ಪ ತೀರಿ ವರ್ಷವಾಗಿತ್ತು. ಕೈಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ ತೆಗೆದಿಟ್ಟಳು. ಮಷಿನ್ ಬಿಟ್ಟೆದ್ದು, ಮುಖ ತೊಳೆದು, ಮಣೆಯ ಮೇಲೆ ಕೂತು ಸೆರಗೊಡ್ಡಿದೆ. ನಲವತ್ತು ದಾಟಿದವಳು ಸಣ್ಣ ಹುಡುಗಿಯ ಹಾಗೆ ಅತ್ತೆ. ಗಂಡ ಸತ್ತವಳು ಉಡಿ ತುಂಬಬಾರದೆಂಬ ಮಾತನ್ನು ಬದಿಗಿಟ್ಟು ಅವ್ವ ಕುಂಕುಮ ಹಚ್ಚಿ ಉಡಿ ತುಂಬಿದಳು. ನಾನು ನಾಲ್ಕು ಕಾಳು ಹಿಡಿದು ಅವಳತ್ತ ಕೈ ಚಾಚಿದೆ.

ಅವ್ವ ಸೆರಗು ಒಡ್ಡಲಿಲ್ಲ. ಅದನ್ನು ತಲೆಯ ಮೇಲೆ ಹೊದ್ದು, ಬಾಗಿ, ನನ್ನ ಪಾದ ಮುಟ್ಟಿದಳು.

"ಇಷ್ಟ ದಿನಾ ನಿಮ್ಮ ಗುರ್ತ ಹಿಡಿಲಿಲ್ರಿ, ತಾಯಿ. ನಮ್ಮ ಮನಿ ಮ್ಯಾಲ ಸಿಟ್ಟ ಇಟ್ಕೋಬ್ಯಾಡ್ರಿ."

ಅಪ್ಪನ ಬೈಗುಳವೂ ನನ್ನನ್ನು ಇಷ್ಟು ನೋಯಿಸಿರಲಿಲ್ಲ.

"ಅವ್ವಾ, ನಾ ದೇವಿ ಅಲ್ಲ. ನಿನ್ನ ಮಗಳ ಅದೇನಿ."

ಹೌದ್ರಿ ಎಂದು ಅವಳು ಮತ್ತೊಮ್ಮೆ ಕೈಮುಗಿದಳು. ಅವಳ ಮುಖದಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ ಅದನ್ನು ಕೆಡಿಸುವ ಮನಸ್ಸಾಗಲಿಲ್ಲ. ಆಗಲೇ ಹೊರಟು ನಿಂತವಳನ್ನು ಇಂಡಿ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದಲೂ ಕೈಮುಗಿದಳು. ತಿರುಗಿ ಕೈಬೀಸಲು ಹೋದಾಗ ಗೊತ್ತಾಯಿತು, ಆ ಕಾಳು ಇನ್ನೂ ನನ್ನ ಮುಷ್ಟಿಯಲ್ಲೇ ಇದ್ದವು.