ಬಿಷಪ್ಪರ ಎರಡು ಮಾತು
ಬಿಷಪ್ ಸತ್ಯಾನಂದಯ್ಯನವರು ಇಪ್ಪತ್ತು ವರ್ಷ ಪಾದ್ರಿ, ಆರು ವರ್ಷ ಬಿಷಪ್. ಅವರ ಉಪದೇಶ ಮಾತ್ರ ಒಮ್ಮೆಯೂ ಚಿಕ್ಕದಾಗಲಿಲ್ಲವೆಂದು ಗಾಡಿ ಹೊಡೆಯುವ ಮಾಪಣ್ಣನ ಲೆಕ್ಕ. ಕಲಬುರಗಿಯಿಂದ ಕಮಲಾಪುರಕ್ಕೆ ಬಂದು ಆದಾಮನಿಂದ ಶುರು ಮಾಡಿದರೆ, ನೋಹ ನಾವೆ ಹತ್ತುವಷ್ಟರಲ್ಲಿ ಅರ್ಧ ಚರ್ಚು ಗೊರಕೆ ಹೊಡೆಯುತ್ತಿತ್ತು. ಆಗ ಮಾಪಣ್ಣನೇ ಹೊರಗಿನಿಂದ ಎತ್ತಿನ ಕೊರಳಗೆಜ್ಜೆ ಕುಲುಕಿ, "ಎತ್ತು ಹಸದಾವ್ರೀ ಅಯ್ಯನೋರ!" ಎನ್ನಬೇಕು; ಬಿಷಪ್ಪರು ತಕ್ಷಣ "ಆಮೆನ್" ಎನ್ನುತ್ತಿದ್ದರು. ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವಾರ, ಸೇಡಿಗೆ ಹೊರಟವರಿಗೆ ಹೆದರಿ ಚರ್ಚಿನೊಳಗೆ ನಾಲ್ಕು ಮುಸಲ್ಮಾನ ಕುಟುಂಬಗಳು ಅಡಗಿದ್ದಾಗ, ಕೊಡಲಿ ಹಿಡಿದ ಗುಂಪೊಂದು ಬಾಗಿಲಿಗೆ ಬಂತು. ಬಿಷಪ್ಪರು ಹೊಸ್ತಿಲಿಗೆ ಅಡ್ಡ ನಿಂತು, "ಬಂದೀರಿ, ಕುಂದರ್ರಿ, ಎರಡ ಮಾತು ಕೇಳ್ರಿ" ಎಂದು ಆದಾಮನಿಂದ ಶುರು ಮಾಡಿದರು. ನೋಹ ಬರುವಷ್ಟರಲ್ಲಿ ಅರ್ಧ ಗುಂಪು ಆಕಳಿಸುತ್ತ ಕರಗಿತ್ತು. ಎತ್ತುಗಳು ಹಸಿದು ತಲೆ ಕೊಡವತೊಡಗಿದವು. ಮಾಪಣ್ಣ ಗೆಜ್ಜೆಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅದುಮಿ ಹಿಡಿದ.